ಒಡಕಿನ ಲೆಕ್ಕ

೨೪ ಜನವರಿ ೧೯೭೭, ಸೋಮವಾರ. ಕೆರೂರ

ಕಾಲು ಮುರಿದಿದೆ. ಬಲಗಾಲು, ಮೊಣಕಾಲಿನ ಕೆಳಗೆ. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರ್ ಜಲಾಲುದ್ದೀನರು ತೊಡೆಯವರೆಗೆ ಪ್ಲಾಸ್ಟರ್ ಮೆತ್ತಿ ಮನೆಗೆ ಕಳಿಸಿದ್ದಾರೆ. ಹೇಗೆ ಬಿದ್ದಿರಿ ಎಂದು ಬಂದವರೆಲ್ಲ ಕೇಳುತ್ತಾರೆ. ಹೈಸ್ಕೂಲಿನ ಮಕ್ಕಳನ್ನು ಪಟ್ಟದಕಲ್ಲಿಗೆ ಪ್ರವಾಸ ಕರೆದೊಯ್ದಿದ್ದೆವು. ಗುಡಿಯ ಎತ್ತರ ಅದರ ಅಗಲದ ಎಷ್ಟು ಪಾಲು ಎಂದು ತೋರಿಸುತ್ತಾ ಕಟ್ಟೆಯ ಮೇಲೆ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದೆ. "ಇಡೀ ಆಕಾರ ಕಣ್ಣಿಗೆ ಬೀಳಬೇಕಂದ್ರ ಹಿಂದ ಸರೀಬೇಕು" ಎಂದದ್ದೇ ಕಡೆಯ ಮಾತು. ಅಲ್ಲಿಗೆ ಕಟ್ಟೆ ಮುಗಿದಿತ್ತು. ಹುಡುಗರು ಮೊದಲು ನಕ್ಕರು, ಆಮೇಲೆ ಅತ್ತರು. ಆ ಕ್ರಮಕ್ಕಾಗಿ ಅವರನ್ನು ಇನ್ನೂ ಕ್ಷಮಿಸಿಲ್ಲ.

ಎರಡು ತಿಂಗಳು ಹಾಸಿಗೆ. ಚುನಾವಣೆ ಬಂದಿದೆ, ಮಾಸ್ತರರೆಲ್ಲ ಡ್ಯೂಟಿಗೆ ಹೋಗಬೇಕು, ನನಗೆ ತಪ್ಪಿತು. ಲಾಭವೆಂದರೆ ಅದೊಂದೇ. ಹೊತ್ತು ಹೋಗಲಿ ಎಂದು ಹೆಡ್‌ಮಾಸ್ತರರು ಈ ಡೈರಿ ಕೊಟ್ಟು ಹೋದರು. ನನ್ನ ಹೊರತು ಯಾರೂ ಓದುವವರಿಲ್ಲವಾದ್ದರಿಂದ ಖರೆ ಬರೆಯಬಹುದು.

ಮನೆಯಲ್ಲಿ ಮೂವರು. ನಾನು, ಅವ್ವ, ಮನೆಯವಳು. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿಲ್ಲ. ಮನೆಯವಳು ಇಳಕಲ್ಲಿನ ಹೆಣ್ಣು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲಿ ನಪಾಸಾದವಳನ್ನು ಹಿರಿಯರು ಗಣಿತದ ಮಾಸ್ತರನಿಗೇ ಕಟ್ಟಿದರು. ದೀಪದ ಕೆಳಗೆ ಕತ್ತಲೆ ಎಂದು ನಮ್ಮ ಸ್ಟಾಫ್ ರೂಮಿನವರು ಇನ್ನೂ ನಗುತ್ತಾರೆ.

ಇವತ್ತು ಎರಡನೆಯ ಸಲದ ಚಹಾ ತಡವಾಗಿ ಬಂತು. ಆರಿಯೂ ಇತ್ತು.

೩೦ ಜನವರಿ, ರವಿವಾರ

ಮನೆಯವಳು ಚಹಾ ಕೊಟ್ಟು ಹೋಗದೆ ಅಲ್ಲೇ ನಿಂತಳು. ಏನೋ ಕೇಳುವುದಿದೆ ಎಂದು ಗೊತ್ತಾಯಿತು.

"ಏಪ್ರಿಲ್‌ದಾಗ ಪರೀಕ್ಷಾ ಕುಂಡ್ರತೇನ್ರಿ. ಗಣಿತ ಒಂದ."

"ಫಾರ್ಮ್ ತುಂಬಬೇಕಲ್ಲ ಅದಕ್ಕ."

"ನವೆಂಬರದಾಗ ತುಂಬೇನ್ರಿ."

"ಯಾರನ್ನ ಕೇಳಿ ತುಂಬಿದಿ?"

"ನಿಮ್ಮನ್ನ ಕೇಳಿದ್ದೆ. ಹೂಂ ಅಂದ್ರಿ. ಪೇಪರ ಓದಾಕ್ಹತ್ತಿದ್ರಿ."

ವಿಷಯ ಇಷ್ಟು. ಊರಿನ ಮಹಿಳಾ ಮಂಡಳದವರು ಜೂನಿನಲ್ಲಿ ಬಾಲವಾಡಿ ತೆರೆಯುತ್ತಾರೆ. ಅದಕ್ಕೊಬ್ಬ ಟೀಚರ್ ಬೇಕು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಕೆಲಸ ಇವಳಿಗೇ ಎಂದಿದ್ದಾರಂತೆ. ಈ ಸಲ ತಪ್ಪಿದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. "ಭಿನ್ನರಾಶಿ ಬಂತಂದ್ರ ನನ್ನ ತಲಿ ಅಲ್ಲೇ ನಿಲ್ಲತೈತ್ರಿ. ಐದನೇ ಇಯತ್ತೆದಿಂದ ಹಿಂಗ. ಮುಂದಿಂದೆಲ್ಲ ಅದರ ಮ್ಯಾಲ ಕುಂತದ. ಅದೊಂದು ಹೇಳಿಕೊಡ್ರಿ."

ಅರ್ಧ ತಾಲೂಕಿಗೆ ಗಣಿತ ಕಲಿಸಿದವನು ನಾನು. ಇದೇನು ಮಹಾ ಎಂದುಕೊಂಡು ಒಪ್ಪಿದೆ. ಹೇಗೂ ಬಿದ್ದುಕೊಂಡೇ ಇದ್ದೇನೆ.

೩ ಫೆಬ್ರುವರಿ, ಗುರುವಾರ

ಪಾಠ ಶುರುವಾಯಿತು. ಅರ್ಧಕ್ಕೆ ಮೂರನೆಯ ಒಂದು ಕೂಡಿಸು ಎಂದೆ. ಐದನೆಯ ಎರಡು ಎಂದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಟ್ಟಿದ್ದಾಳೆ.

"ಅರ್ಧಕ್ಕ ಇನ್ನಷ್ಟು ಹಾಕಿದ ಮ್ಯಾಲ ಅರ್ಧಕ್ಕಿಂತ ಕಡಿಮಿ ಹೆಂಗ ಆಗ್ತೈತಿ? ತಲಿ ಎಲ್ಲಿಟ್ಟೀದಿ?" ಎಂದು ರೇಗಿದೆ. ಹುಡುಗರ ಮುಂದಾಗಿದ್ದರೆ ಡಸ್ಟರ್ ಹಾರುತ್ತಿತ್ತು.

ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. "ಇದಕ್ಕ ಭಿನ್ನ ಅಂತ ಯಾಕಂತಾರ್ರಿ?" ಎಂದು ಕೇಳಿದಳು.

"ಹಂಗ ಅಂತಾರ. ಮುಂದಕ್ಕ ನಡಿ."

"ಹೆಸರ ಗೊತ್ತಿಲ್ಲದವರ ಕೂಡ ಹೆಂಗ ಮಾತಾಡೂದ್ರಿ?"

ಹದಿನಾಲ್ಕು ವರ್ಷದ ನೌಕರಿಯಲ್ಲಿ ಒಬ್ಬ ಹುಡುಗನೂ ಹೀಗೆ ಕೇಳಿಲ್ಲ. ನಾನೂ ಕೇಳಿಕೊಂಡಿಲ್ಲ. ತಲೆನೋವು ಎಂದು ಹೇಳಿ ಪಾಠ ನಿಲ್ಲಿಸಿದೆ. ಆಮೇಲೆ ನಿಜವಾಗಿಯೂ ತಲೆ ನೋಯಿತು.

೮ ಫೆಬ್ರುವರಿ, ಮಂಗಳವಾರ

ಅಮಾತೆಪ್ಪ ಮಾಸ್ತರರಿಗೆ ಹೇಳಿಕಳಿಸಿದ್ದೆ. ನನಗೆ ಗಣಿತ ಕಲಿಸಿದವರು, ಸಂಸ್ಕೃತವನ್ನೂ ಓದಿಕೊಂಡವರು, ಈಗ ರಿಟೈರಾಗಿ ಬಾದಾಮಿಯಲ್ಲಿದ್ದಾರೆ. ಈ ವಯಸ್ಸಿನಲ್ಲೂ ಬಸ್ಸು ಹತ್ತಿ ಬಂದರು. ನನ್ನ ಕಾಲಿಗಿಂತ ನನ್ನ ಪ್ರಶ್ನೆ ಅವರಿಗೆ ಹಿಡಿಸಿತು. ಪ್ರಶ್ನೆ ನನ್ನದಲ್ಲ ಎಂದು ಹೇಳುವುದು ಮರೆತೆ.

"ಸಂಸ್ಕೃತದಾಗ ಭಿದ್ ಅಂದ್ರ ಒಡಿ, ಸೀಳು. ಒಡದದ್ದು ಭಿನ್ನ. ರಾಶಿ ಅಂದ್ರ ಸಂಖ್ಯಾ. ಒಡದ ಸಂಖ್ಯಾ, ಅಷ್ಟ. ಕೆಳಗಿಂದಕ್ಕ ಛೇದ ಅಂತೀವಿ. ಛೇದ ಅಂದ್ರ ಕತ್ತರಿಸೂದು, ಎಷ್ಟು ತುಂಡ ಮಾಡಿದಿ ಅನ್ನೂದು. ಮ್ಯಾಲಿಂದು ಅಂಶ, ಅದರಾಗ ನಿನ್ನ ಪಾಲ ಎಷ್ಟು ಅನ್ನೂದು." ಎಲೆಗೆ ಸುಣ್ಣ ಹಚ್ಚುತ್ತಾ ಮುಂದುವರಿಸಿದರು. "ಇಂಗ್ಲೀಷರದ್ದೂ ಅದ ಕಥಿ. ಫ್ರ್ಯಾಕ್ಷನ್ ಅನ್ನೂದು ಲ್ಯಾಟಿನ್ ಮಾತಿಂದ ಬಂದದ. ಅಲ್ಲೂ ಒಡಿಯೂದು ಅಂತನ ಅರ್ಥ. ನಿನ್ನ ಕಾಲಿಗೆ ಡಾಕ್ಟರ ಏನಂದ?"

"ಫ್ರ್ಯಾಕ್ಚರ್."

"ಎರಡೂ ಒಂದ ಬಳ್ಳಿ ಕಾಯಿ."

ಬಾಗಿಲ ಬಳಿ ನಿಂತಿದ್ದ ಮನೆಯವಳು ಸೆರಗು ಬಾಯಿಗಿಟ್ಟು ನಕ್ಕಳು. ಮಾಸ್ತರರು ಅವಳ ಕಡೆ ತಿರುಗಿದರು. "ತಂಗಿ, ಅರ್ಧಕ್ಕ ಮೂರನೇ ಪಾಲ ಕೂಡಸೂ ಮುಂದ ಎರಡನ್ನೂ ಒಂದ ಅಳತಿಗೆ ತರಬೇಕು. ಹಳಬರು ಅದಕ್ಕ ಕಲಾಸವರ್ಣ ಅಂದ್ರು. ಕಲಾ ಅಂದ್ರ ಪಾಲು. ಸವರ್ಣ ಅಂದ್ರ ಒಂದ ಬಣ್ಣದ್ದು. ಬ್ಯಾರೆ ಬ್ಯಾರೆ ಪಾಲಿಗೆ ಒಂದ ಬಣ್ಣ ಕೊಡೂದು."

"ಸೀರಿಗೆ ಸೆರಗ ಕೂಡಸಿದಂಗೇನ್ರಿ? ನಮ್ಮ ಇಳಕಲ್ಲಾಗ ಮಗ್ಗದ ಮ್ಯಾಲ ಸೀರಿ ಮೈ ಎಳಿ, ಸೆರಗಿನ ಎಳಿ ಸರಿ ಹೊಂದಿದ್ರನ ಕೂಡ್ತಾವ."

"ಹಂಗ ಅಂತ ತಿಳಕೊ."

ಮಾಸ್ತರರು ಹೋದ ಮೇಲೆ ತಾನಾಗಿಯೇ ಹಲಗೆ ತಂದಳು. ಅರ್ಧವನ್ನು ಆರನೆಯ ಮೂರು ಮಾಡಿದಳು, ಮೂರನೆಯ ಒಂದನ್ನು ಆರನೆಯ ಎರಡು ಮಾಡಿದಳು. ಆರನೆಯ ಐದು ಎಂದು ಬರೆದು ನನ್ನ ಮುಖ ನೋಡಿದಳು. ಸರಿ ಎಂದೆ. ಹಲಗೆ ಒರೆಸದೆ ಹಾಗೆಯೇ ಒಳಗೆ ಒಯ್ದಳು.

೯ ಫೆಬ್ರುವರಿ, ಬುಧವಾರ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಿನ್ನೆಯ ಮಾತೆಲ್ಲ ಅವ್ವ ಒಳಗಿನಿಂದ ಕೇಳಿಸಿಕೊಂಡಿದ್ದಾಳೆ. ಮುಂಜಾನೆ ವಿಭೂತಿ ಹಚ್ಚಿಕೊಂಡು ನೇರ ಬಂದು ನನ್ನ ಹಾಸಿಗೆಯ ಪಕ್ಕ ಕುಳಿತಳು.

"ತಮ್ಮಾ, ಭಿನ್ನ ಅಂದ್ರ ಒಡಕ ಅಂತ ಹೌದಲ್ಲೋ?"

"ಹೌದು."

"ಹಂಗಾರ ನಿನ್ನ ಕಾಲ ಕೂಡೂತನಕ ಈ ಮನಿಯಾಗ ಒಡಕಿನ ಲೆಕ್ಕ ಬ್ಯಾಡ."

ಇದು ಬರೀ ಲೆಕ್ಕ, ಅಂಕಿಯ ಮಾತು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಎಲುಬ ಕೂಡಬೇಕಾದ ಹೊತ್ತಿನಾಗ ಮುಂಜಾನಿ ಸಂಜಿಕ ಒಡದದ್ದು, ಕತ್ತರಿಸಿದ್ದು ಅಂತ ಮಂತ್ರ ಹೇಳಿದಂಗ ಹೇಳ್ತೀರಿ. ಮಾಳಿಗಿ ಮಣ್ಣ ಕುಸದು ಕೋಡ ಮುರದಾಗ ದೇವ್ರ ಜಗಲಿ ಬಸವಣ್ಣನ್ನ ಹೊಳಿಗೆ ಬಿಟ್ಟ ಬಂದಾಕಿ ನಾನು. ದೇವ್ರನ್ನ ಇಟ್ಟಕೊಳ್ಳಲಿಲ್ಲ, ಲೆಕ್ಕ ಇಟ್ಟಕೊಳ್ಳಲೇನು?"

ಆ ಬಸವಣ್ಣ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಮಹಾಕೂಟದಿಂದ ತಂದ ಗೇಣುದ್ದದ ಕರಿಕಲ್ಲಿನ ಮೂರ್ತಿ. ಭಿನ್ನವಾದ ಮೂರ್ತಿಯನ್ನು ಮನೆಯಲ್ಲಿಟ್ಟು ಪೂಜಿಸಬಾರದು ಎಂದು ಅವ್ವ ಸೆರಗಿನಲ್ಲಿ ಕಟ್ಟಿಕೊಂಡು ಮಲಪ್ರಭೆಗೆ ಹೋಗಿದ್ದಳು. ಅದೇ ವರ್ಷ ಅಪ್ಪ ಕಣಕಿ ಬಣವೆಯ ಮೇಲಿಂದ ಬಿದ್ದ. ಮತ್ತೆ ಏಳಲಿಲ್ಲ. ಅವ್ವನ ಲೆಕ್ಕದಲ್ಲಿ ಈ ಎರಡೂ ಒಂದೇ ಸಾಲಿನಲ್ಲಿವೆ.

ಮನೆಯವಳು ಗಣಿತದ ಪುಸ್ತಕವನ್ನು ಗೋಡೆಯ ಮಾಡದಲ್ಲಿಟ್ಟು ಮೇಲೆ ಎಣ್ಣೆಯ ಬಾಟಲಿ ಇಟ್ಟಳು. ಪ್ಲಾಸ್ಟರ್ ಬಿಚ್ಚುವುದು ಮಾರ್ಚ್ ನಡುವಿಗೆ. ಪರೀಕ್ಷೆ ಏಪ್ರಿಲ್ ಮೊದಲ ವಾರ. ಇಷ್ಟರಲ್ಲಿ ಏನು ಓದುತ್ತಾಳೆ? ನನಗ್ಯಾಕೆ ಇಷ್ಟು ಸಿಟ್ಟು ಬಂದಿದೆಯೋ ತಿಳಿಯದು. ಪರೀಕ್ಷೆ ನನ್ನದೇನಲ್ಲವಲ್ಲ.

೧೩ ಫೆಬ್ರುವರಿ, ರವಿವಾರ

ಉಪಾಯ ಹೊಳೆಯಿತು. ಅಮಾತೆಪ್ಪ ಮಾಸ್ತರರ ಹಳೆಯ ಪಾಠಗಳಲ್ಲಿ ಇದಕ್ಕೆ ಅಪೂರ್ಣಾಂಕ ಎನ್ನುತ್ತಿದ್ದರು, ಮುಂಬೈ ಸರಕಾರ ಇದ್ದ ಕಾಲದ ಮಾತು. ಅಪೂರ್ಣ ಎಂದರೆ ಪೂರ್ತಿ ಆಗದ್ದು. ಅದರಲ್ಲಿ ಒಡಕಿಲ್ಲ, ಮುರುಕಿಲ್ಲ. ಅವ್ವನಿಗೆ ಹಾಗೆ ಹೇಳಿದರೆ ಒಪ್ಪುತ್ತಾಳೆ, ನಾಳೆಯಿಂದ ಪಾಠ ಶುರು ಮಾಡಬಹುದು. ನನ್ನ ಜಾಣತನಕ್ಕೆ ನಾನೇ ಹಿಗ್ಗಿ, ಚಹಾ ತಂದ ಮನೆಯವಳಿಗೆ ಹೇಳಿದೆ.

ಅವಳು ಲೋಟವನ್ನು ಕೈಗೆ ಕೊಡದೆ ಕೆಳಗಿಟ್ಟಳು.

"ಬ್ಯಾಡ್ರಿ."

"ಯಾಕ?"

"ಅಪೂರ್ಣ ಅನ್ನೂ ಮಾತ ಒಂಬತ್ತ ವರ್ಷ ಕೇಳೇನ್ರಿ. ಕುಬಸಕ್ಕ ಹ್ವಾದಲ್ಲೆ, ತೊಟ್ಟಲಕ್ಕ ಹ್ವಾದಲ್ಲೆ. ಉಡಿ ತುಂಬೂ ಮುಂದ ನನ್ನ ದಾಟಿ ಮುಂದಿನಾಕಿಗೆ ಹೋಗ್ತಾರ. ಲೆಕ್ಕದಾಗೂ ಅದ ಹೆಸರ ಬ್ಯಾಡ. ಭಿನ್ನ ಅಂತನ ಇರಲಿ. ಒಡದದ್ದು ಅಂದ್ರ ಒಮ್ಮೆ ಇಡೀ ಇತ್ತು ಅಂತರ ಆಗ್ತೈತಿ."

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಮನೆಯವಳು ಒಳಗೆ ಹೋದಳು. ಲೋಟ ನನ್ನ ಕೈಗೆ ಎಟುಕುತ್ತಿರಲಿಲ್ಲ. ಕರೆಯಲು ಮನಸ್ಸಾಗಲಿಲ್ಲ.

೧೪ ಫೆಬ್ರುವರಿ, ಸೋಮವಾರ

ಒಂಬತ್ತು ವರ್ಷ. ನನಗೆ ಒಮ್ಮೆಯೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

೧೭ ಫೆಬ್ರುವರಿ, ಗುರುವಾರ

ಸತ್ಯಾಗ್ರಹ ಹೂಡಿದೆ.

ಮಧ್ಯಾಹ್ನ ಅವ್ವ ತಾಟಿನಲ್ಲಿ ಸಜ್ಜೆಯ ಕಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಂದಿಟ್ಟಳು. ಮೇಲೆಲ್ಲ ಎಳ್ಳು ಹಚ್ಚಿದ ರೊಟ್ಟಿ, ತಾಟಿನಷ್ಟೇ ಅಗಲ. ನಾನು ಕೈಕಟ್ಟಿ ಕುಳಿತೆ.

"ಯಾಕೋ, ಉಣ್ಣವಲ್ಲಿ?"

"ಮುರದು ಉಣ್ಣಬೇಕಲ್ಲ. ಕಾಲ ಕೂಡೂ ಹೊತ್ತಿನಾಗ ಮನಿಯಾಗ ಮುರಿಯೂದು ಒಡಿಯೂದು ಬ್ಯಾಡ ಅಂದಿ. ಇಡೀದ ತಿಂತೇನಿ."

"ತಿನ್ನು, ನೋಡೂಣು."

ಎರಡೂ ಕೈಯಲ್ಲಿ ಎತ್ತಿ ಅಂಚಿಗೆ ಬಾಯಿ ಹಾಕಿದೆ. ಮೂಗು ಅಡ್ಡ ಬಂತು. ತಿರುಗಿಸಿದೆ, ಗದ್ದ ಅಡ್ಡ ಬಂತು. ಜೋರಾಗಿ ಕಚ್ಚಿದೆ. ಇಡೀ ರೊಟ್ಟಿ ಚಟ್ಟೆಂದು ಸಿಡಿದು ಹಾಸಿಗೆ, ಅಂಗಿ, ಪ್ಲಾಸ್ಟರ್ ಎಲ್ಲ ಕಡೆ ಚೂರು ಚೂರಾಗಿ ಬಿತ್ತು. ಎಣ್ಣೆಗಾಯಿಯಲ್ಲೊಂದು ಚೂರು ನೆಟ್ಟಗೆ ನಿಂತಿತ್ತು. ಮೂವತ್ತಾರು ವಯಸ್ಸಿನ, ಮೀಸೆಯಲ್ಲಿ ಎಳ್ಳು ಮೆತ್ತಿಕೊಂಡ ಮಾಸ್ತರನನ್ನು ನೋಡಿ ಅವ್ವ ಸುಮ್ಮನಿರಲು ನೋಡಿದಳು. ಆಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಪ್ಪ ಹೋದ ಮೇಲೆ ಅವ್ವ ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

"ಮುರದ ತಿನ್ನೋ ಹುಚ್ಚಾ. ಇಡೀ ರೊಟ್ಟಿ ಯಾರ ಬಾಯಾಗ ಹಿಡಸ್ತೈತಿ?"

"ಹಂಗಾರ ಆಕಿ ಓದೂದು?"

ಅವ್ವ ಹಾಸಿಗೆಯ ಮೇಲಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಉಡಿಯಲ್ಲಿ ಹಾಕಿಕೊಂಡಳು. "ನನಗ ಆಕಿ ಓದೂದರಿಂದ ತ್ರಾಸ ಇಲ್ಲಪ್ಪ. ನಿನ್ನ ಕಾಲಿಂದ ಹೆದರಿಕಿ. ನಿಮ್ಮಪ್ಪನೂ ಹಿಂಗ ಮಲಗಿದ್ದ, ಇದ ಕ್ವಾಣ್ಯಾಗ." ಕಡೆಯ ಚೂರನ್ನು ಉಡಿಗೆ ಹಾಕಿಕೊಂಡು ಹೇಳಿದಳು, "ಓದ್ಲಿ ತಗೊ."

ಸಂಜೆ ಮನೆಯವಳು, ಬನಶಂಕರಿ, ಎಣ್ಣೆಯ ಬಾಟಲಿ ಸರಿಸಿ ಪುಸ್ತಕ ತೆಗೆದಳು. ಹೊದಿಕೆಗೆ ಎಣ್ಣೆಯ ಕಲೆ ಆಗಿತ್ತು.

೧ ಮಾರ್ಚ್, ಮಂಗಳವಾರ

ಬರೆಯಲು ಹೊತ್ತು ಸಿಕ್ಕಿಲ್ಲ. ಮುಂಜಾನೆ ಬನಶಂಕರಿ ಓದುವ ಹೊತ್ತು, ಆಗ ಮೆಂತ್ಯೆ ಪಲ್ಯ ಸೋಸುವುದು, ಬೇಳೆ ಆರಿಸುವುದು ಇರುತ್ತದೆ. ಹಾಸಿಗೆಯ ಮೇಲೆ ಕುಳಿತೇ ಆಗುವ ಕೆಲಸ. ಬಳ್ಳೊಳ್ಳಿ ಸುಲಿಯುವುದು ಮಾತ್ರ ತಾಳ್ಮೆ ಬೇಡುವ ವಿದ್ಯೆ. ಅದನ್ನು ಯಾಕೆ ಪಠ್ಯದಲ್ಲಿ ಇಟ್ಟಿಲ್ಲವೋ.

ನಿನ್ನೆ ಭಾಗಾಕಾರಕ್ಕೆ ಬಂದೆವು. ಮೂರನ್ನು ಅರ್ಧದಿಂದ ಭಾಗಿಸಿದರೆ ಆರು ಎಂದೆ.

"ಪಾಲ ಮಾಡಿದ್ರ ಹೆಚ್ಚ ಆಗ್ತೈತೇನ್ರಿ? ಎಲ್ಲೆರ ಕೇಳೀರೇನು?"

ತಿರುವಿ ಗುಣಿಸು, ಅದೇ ನಿಯಮ ಎಂದು ಹೇಳಲು ಬಾಯಿ ತೆರೆದೆ. ತಿರುವುವುದು ಯಾಕೆ ಎಂದು ಕೇಳುತ್ತಾಳೆಂದು ಗೊತ್ತಿತ್ತು. ಬುಟ್ಟಿಯಿಂದ ಮೂರು ರೊಟ್ಟಿ ತರಿಸಿದೆ. "ಇದರಾಗ ಅರ್ಧರ್ಧ ರೊಟ್ಟಿ ಎಷ್ಟ ಮಂದಿಗೆ ಹಂಚಬಹುದು?" ಎಂದೆ. ಅವಳು ಒಂದನ್ನು ಮುರಿದಳು, ಇನ್ನೊಂದನ್ನು ಮುರಿದಳು, ಮೂರನೆಯದನ್ನು ಮುರಿಯದೆ ಕೈಯಲ್ಲೇ ಹಿಡಿದು ನಕ್ಕಳು. "ಆರ ಮಂದಿ ಉಣ್ತಾರ್ರಿ." ಆಮೇಲೆ ಕಾಲು ರೊಟ್ಟಿಯಂತೆ ಕೊಟ್ಟರೆ ಹನ್ನೆರಡು ಮಂದಿ ಎಂದು ತಾನೇ ಹೇಳಿದಳು. ಅವ್ವ ಒಳಗಿನಿಂದ, "ಹನ್ನೆರಡ ಮಂದಿ ಬಂದ್ರ ಕಾಲ ರೊಟ್ಟಿ ಕೊಟ್ಟ ಮರ್ಯಾದಿ ಕಳೀಬ್ಯಾಡ್ರಿ" ಎಂದಳು.

ಹದಿನಾಲ್ಕು ವರ್ಷ ನಾನು ತಿರುವಿಸಿದ್ದೇ ಬಂತು. ಒಮ್ಮೆಯೂ ರೊಟ್ಟಿ ಮುರಿದು ತೋರಿಸಿರಲಿಲ್ಲ.

೧೫ ಮಾರ್ಚ್, ಮಂಗಳವಾರ

ಬಾಗಲಕೋಟೆಗೆ ಹೋಗಿ ಪ್ಲಾಸ್ಟರ್ ಬಿಚ್ಚಿಸಿದ್ದಾಯಿತು. ಒಳಗಿನ ಕಾಲು ಬೇರೆ ಯಾರದೋ ಇದ್ದ ಹಾಗಿತ್ತು, ಸಣಕಲು, ಬಿಳಿಚಿಕೊಂಡದ್ದು. ಜಲಾಲುದ್ದೀನರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. "ಕೂಡೈತ್ರಿ ಮಾಸ್ತರ. ಆದ್ರ ಸ್ವಲ್ಪ ಗಿಡ್ಡ ಆಗೇತಿ. ಒಂಚೂರು ಕುಂಟ್ತೀರಿ, ಅದು ಇದ್ದದ್ದ."

ಮನೆಗೆ ಬಂದು ಹೇಳಿದೆ. ಅವ್ವ ಮೋರೆ ಸಣ್ಣದು ಮಾಡಿದಳು. ಬನಶಂಕರಿ ನನ್ನ ಕೈಗೆ ಕೋಲು ಕೊಟ್ಟು, "ನಡದ ತೋರಸ್ರಿ" ಎಂದಳು. ನಡುಮನೆಯಿಂದ ಅಡುಗೆಮನೆಯವರೆಗೆ ನಡೆದೆ. ಹೇಗೂ ಅಲ್ಲಿಗೆ ಬಂದಿದ್ದೆನಲ್ಲ, ಒಲೆಯ ಮುಂದೆ ಮಣೆ ಹಾಕಿಕೊಂಡು ಸಾರಿಗೆ ಒಗ್ಗರಣೆ ಹಾಕಿದೆ.

೫ ಏಪ್ರಿಲ್, ಮಂಗಳವಾರ

ಇವತ್ತು ಪರೀಕ್ಷೆ, ಬಾದಾಮಿಯಲ್ಲಿ. ಮುಂಜಾನೆಯ ಬಸ್ಸಿಗೆ ಹೋದಳು. ಜೊತೆಗೆ ಬರುತ್ತೇನೆಂದೆ, ಬೇಡವೆಂದಳು. "ನೀವ ಹೊರಗ ಕುಂತ್ರ ನನಗ ಒಳಗ ನೀವ ರೇಗಿದ್ದ ನೆನಪಾಗ್ತೈತಿ" ಎಂದಳು. ನಾನು ಈಗೆಲ್ಲಿ ರೇಗುತ್ತೇನೆ?

ಹೊತ್ತು ಹೋಗಲೊಲ್ಲದು. ಝುಣಕ ಮಾಡಿದೆ. ಉಪ್ಪು ಹಾಕಿದೆನೋ ಇಲ್ಲವೋ ಎಂಬ ಸಂಶಯಕ್ಕೆ ಇನ್ನೊಮ್ಮೆ ಹಾಕಿದೆ. ಅವ್ವ ಜಗಲಿಯ ಮುಂದೆ ಕುಳಿತವಳು ಏಳಲೇ ಇಲ್ಲ. ಅವಳಿಗಾಗಿ ಬೇಡಿಕೊಳ್ಳುತ್ತಿದ್ದೀಯಾ ಎಂದು ಕೇಳಿದರೆ, ಮೊಣಕಾಲು ಹಿಡಿದಿದೆ ಎಂದಳು.

ಸಂಜೆ ಬಂದಳು. "ಒಂದ ಲೆಕ್ಕ ಬಿಟ್ಟೇನ್ರಿ. ಭಿನ್ನರಾಶಿದ್ದು ಮಾತ್ರ ಒಂದೂ ಬಿಟ್ಟಿಲ್ಲ." ಝುಣಕದಲ್ಲಿ ಉಪ್ಪು ಹೆಚ್ಚಾಗಿತ್ತು. ಮೂವರೂ ನೀರು ಕುಡಿಯುತ್ತಾ ತಿಂದೆವು.

೨ ಜೂನ್, ಗುರುವಾರ

ಪಾಸ್.

ನಂಬರು ನೋಡಲು ಬಸ್‌ಸ್ಟ್ಯಾಂಡಿಗೆ ಹೋಗಿ, ಅಲ್ಲಿದ್ದ ಪೇಪರನ್ನು ಮೂರು ಸಲ ನೋಡಿ, ನಾಲ್ಕನೆಯ ಸಲ ಬೇರೆಯವರಿಗೆ ತೋರಿಸಿ ಖಾತ್ರಿ ಮಾಡಿಕೊಂಡು ಬಂದೆ. ಕುಂಟುತ್ತಾ ಇಷ್ಟು ಬೇಗ ಬಂದದ್ದು ನನಗೇ ಆಶ್ಚರ್ಯ. ಬನಶಂಕರಿ ಬಟ್ಟೆ ಒಗೆಯುತ್ತಿದ್ದಳು. ಹೇಳಿದೆ. ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಉಳಿದ ಬಟ್ಟೆ ನಾನು ಹಿಂಡಿ ಹಾಕಿದೆ.

ಸ್ಟಾಫ್ ರೂಮಿನವರು ಪೇಢೆ ಕೇಳುತ್ತಿದ್ದಾರೆ. ಕೊಡಿಸುತ್ತೇನೆ.

೧೩ ಜೂನ್, ಸೋಮವಾರ

ಇವತ್ತು ಬಾಲವಾಡಿ ಶುರು. ಎಂಟಕ್ಕೇ ಹೋಗಬೇಕು. ನಾನು ಹಾಲು ಕಾಯಲಿಟ್ಟು, ಅವಳ ಡಬ್ಬಿಗೆ ರೊಟ್ಟಿ ಮುರಿದು ಹಾಕುತ್ತಿದ್ದೆ. ಬನಶಂಕರಿ ಮೈತೊಳೆದು, ತವರಿನ ಸೀರೆ ಉಟ್ಟು, ಕೈಮುಗಿಯಲೆಂದು ಜಗಲಿಯ ಕಡೆ ಹೋದಳು. "ರೀ, ಇಲ್ಲೆ ಬರ್ರಿ" ಎಂದು ಸಣ್ಣಗೆ ಕರೆದಳು.

ಜಗಲಿಯ ನಡುವೆ ಬಸವಣ್ಣ ಕುಳಿತಿದ್ದ. ಗೇಣುದ್ದದ ಕರಿಕಲ್ಲಿನವನು, ಅಪ್ಪ ತಂದವನು. ಎಡಗಡೆಯ ಕೋಡಿಲ್ಲ. ಮೈತೊಳೆದು ವಿಭೂತಿ ಹಚ್ಚಿ, ಮುರಿದ ಕೋಡಿನ ಮೇಲೂ ಒಂದು ಹೂ ಏರಿಸಿತ್ತು.

ಅವ್ವ ಕಂಬಕ್ಕೆ ಒರಗಿ ನಿಂತಿದ್ದಳು.

"ಇದನ್ನ ಹೊಳಿಗೆ ಬಿಟ್ಟಿದ್ದಿ ಅಲ್ಲ ಯವ್ವಾ?" ಎಂದೆ.

"ಹೊಳಿಗೆ ಹೋಗಿದ್ದೆ. ನಡುಮಟ ನೀರಾಗ ಇಳದಿದ್ದೆ. ಕೈ ಬಿಡಾಕ ಆಗಲಿಲ್ಲ. ತಂದು ಕಾಳಿನ ಹಗೇವಿನ ಬಾಜೂಕ ಜೋಳದ ಹೊಟ್ಟಿನಾಗ ಇಟ್ಟಿದ್ದೆ. ಮುಂದ ನಿಮ್ಮಪ್ಪ ಬಿದ್ದ. ಬಿಡಲಿಲ್ಲಂತನ ಹಂಗಾತು ಅಂತ ಇಷ್ಟ ವರ್ಷ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

ಆಮೇಲೆ ಸೊಸೆಯ ಕಡೆ ತಿರುಗಿದಳು. "ಅವತ್ತ ನೀ ಅಂದಿದ್ದು ನನಗ ಕೇಳಿಸಿತ್ತು. ಒಡದದ್ದು ಅಂದ್ರ ಒಮ್ಮೆ ಇಡೀ ಇತ್ತು ಅಂದಿ." ಅವ್ವ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಆ ಮೊದಲಿನ ಮಾತೂ ಕೇಳಿಸಿತ್ತು. ಅಪೂರ್ಣ ಅಂದವರೊಳಗ ನಾನೂ ಇದ್ದೆ, ಬನಶಂಕರಿ. ಬಾಯಿಲೆ ಅಂದಿಲ್ಲ. ಮನಸಿನಾಗ ಅಂದೇನಿ."

ಬನಶಂಕರಿ ಅವ್ವನ ಹತ್ತಿರ ಹೋಗಿ ಹಣೆ ಬಾಗಿಸಿ ನಿಂತಳು. ಅವ್ವ ಬಸವಣ್ಣನ ಮೈ ಮೇಲಿನ ವಿಭೂತಿಯನ್ನೇ ಬೆರಳಿಗೆ ತೆಗೆದುಕೊಂಡು ಅವಳ ಹಣೆಗೆ ಹಚ್ಚಿದಳು. ಇಬ್ಬರೂ ಅಳುತ್ತಿದ್ದರು. ಹಚ್ಚಿದ ವಿಭೂತಿ ಸೊಟ್ಟಗಾಗಿತ್ತು.

"ನಡಿ ಇನ್ನ. ಕೂಸಗೋಳು ಬಂದ ಕುಂತಿರ್ತಾವ."

ಆಗ ನನಗೆ ಒಲೆಯ ನೆನಪಾಯಿತು. ಕುಂಟುತ್ತಾ ಓಡಿದೆ. ಹಾಲು ಉಕ್ಕಿ ಅರ್ಧ ಒಲೆಯ ಪಾಲಾಗಿತ್ತು. ಉಳಿದರ್ಧಕ್ಕೆ ನೀರು ಬೆರೆಸಿ, ಬೆಲ್ಲ ಸ್ವಲ್ಪ ಹೆಚ್ಚು ಹಾಕಿ, ಮೂರು ಲೋಟ ಚಹಾ ಮಾಡಿದೆ. ಮೂವರಿಗೂ ಸಾಕಾಯಿತು.